ಅಲ್ಮಾರಿಗೆ ಪೂಜೆ, ಪುಸ್ತಕಕ್ಕೆ ಬೀಗ

ಭಾಲ್ಕಿಯ ಹೈಸ್ಕೂಲಿಗೆ ಕನ್ನಡ ಪುಸ್ತಕಗಳು ಬಂದ ದಿನ ಆರತಿ ಹಿಡಿದು ನಿಂತವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸಿಟ್ಟಿನ ಮಾತುಗಳು ಬಹಳ ಬರುತ್ತವೆ, ಆಗ ಈಕೆ ತನ್ನ ಪಾಲಿನ ತಪ್ಪನ್ನು ಮುಚ್ಚಿಟ್ಟಳು ಅಂತ ಯಾರೂ ಅನ್ನಬಾರದು.

ಪೊಲೀಸ್ ಕಾರ್ಯಾಚರಣೆ ಆಗಿ ಎರಡು ವರ್ಷ ದಾಟಿತ್ತು. ನಾವಿನ್ನೂ ಹೈದರಾಬಾದ್ ರಾಜ್ಯದವರೇ, ಆದರೆ ಉರ್ದುವಿನಲ್ಲೇ ನಡೆಯುತ್ತಿದ್ದ ಶಾಲೆ ಕನ್ನಡಕ್ಕೆ ತಿರುಗಿತ್ತು. ನಾಲ್ಕು ಪೆಟ್ಟಿಗೆ ಪುಸ್ತಕ ರೈಲಿನಲ್ಲಿ ಬಂದವು. ಸ್ಟೇಷನ್ನಿನಿಂದ ಎತ್ತಿನ ಬಂಡಿಯಲ್ಲಿಟ್ಟು, ಮುಂದೆ ಹಲಗೆ ಬಾರಿಸುತ್ತ ತಂದರು. ತಮ್ಮ ಭಾಷೆಯ ಪುಸ್ತಕವನ್ನು ಶಾಲೆಯಲ್ಲಿ ಕಾಣದೆಯೇ ಮುದುಕರಾದವರು ಬಂಡಿಯ ಗಾಲಿ ಮುಟ್ಟಿ ನಮಸ್ಕಾರ ಮಾಡಿದರು. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಹೆಡ್‌ಮಾಸ್ತರರು ಎರಡು ಹೊಸ ಅಲ್ಮಾರಿ ಮಾಡಿಸಿ, ಪುಸ್ತಕ ಜೋಡಿಸಿ, ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಬೀಗ ಹಾಕಿದರು. ಬೀಗ ಹಾಕಿದ್ದು ಅಂದು ಯಾರಿಗೂ ಒಂದು ಸುದ್ದಿ ಅನ್ನಿಸಲಿಲ್ಲ.

ಏಳು ತಿಂಗಳ ಮೇಲೆ ಒಂದು ಸಂಜೆ ನಮ್ಮ ಮನೆಯವರು ಧೋತರದಲ್ಲಿ ಗಂಟು ಕಟ್ಟಿ ಇಪ್ಪತ್ತು ಪುಸ್ತಕಗಳನ್ನು ತಂದು ಪಡಸಾಲೆಯಲ್ಲಿಟ್ಟರು. ಅವರು ಆ ಶಾಲೆಯಲ್ಲಿ ಲೆಕ್ಕದ ಮಾಸ್ತರರು. ಅಲ್ಮಾರಿಯ ಜವಾಬ್ದಾರಿಯೂ ಅವರ ತಲೆಯ ಮೇಲೆಯೇ ಇತ್ತು.

"ಇವುಗೋಳದು ಒಂದು ಯಾದಿ ಬರದು ಕೊಡು. ನಿನ್ನ ಅಕ್ಷರ ಚಂದ ಅದ," ಅಂದರು.

ಬೀದರಿನ ಕಚೇರಿಯಿಂದ ಕಾಗದ ಬಂದಿತ್ತಂತೆ. ಐದು ವಾರಕ್ಕೆ ತಪಾಸಣೆಯ ಸಾಹೇಬರು ಬರುವವರಿದ್ದರು. ಅವರಿಗೆ ಎರಡು ವಸ್ತು ತಯಾರು ಇರಬೇಕು: ವಿಷಯವಾರು ಪುಸ್ತಕಗಳ ಯಾದಿ, ಅಂದರೆ ಪಟ್ಟಿ, ಕನ್ನಡದಲ್ಲಿ, ಮತ್ತೆ ಯಾವ ವಿದ್ಯಾರ್ಥಿ ಯಾವ ಪುಸ್ತಕ ಒಯ್ದ, ಯಾವಾಗ ತಂದ ಅನ್ನುವ ರಜಿಸ್ಟರು. ಪುಸ್ತಕಗಳು ಉಪಯೋಗದಲ್ಲಿಲ್ಲ ಅಂತ ಕಂಡರೆ ಎರಡೂ ಅಲ್ಮಾರಿ ಬೀದರ್ ಪಟ್ಟಣದ ಶಾಲೆಗೆ ಹೋಗುತ್ತವೆ. ಅಲ್ಲಿ ಓದುವವರು ಇದ್ದಾರಂತೆ.

ಕನ್ನಡ ಪಂಡಿತರು ಬೀದರಿಗೆ ವರ್ಗವಾಗಿ ಅವರ ಜಾಗ ಖಾಲಿ ಇತ್ತು. ಹೀಗಾಗಿ ಕೆಲಸ ನನ್ನ ಪಾಲಿಗೆ ಬಂತು. ನನ್ನ ತವರು ಔರಾದ ಹತ್ತಿರದ ಹಳ್ಳಿ. ಅಲ್ಲಿಯ ಮಠದ ಅಯ್ಯನವರು ಹುಡುಗಿಯರನ್ನೂ ಕೂಡಿಸಿಕೊಂಡು ಉಸುಕಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಶ್ರಾವಣದಲ್ಲಿ ಮನೆಯಲ್ಲಿ ಪುರಾಣ ಓದುವ ಪಾಳಿ ನನ್ನದೇ ಇತ್ತು. ಆ ಅಯ್ಯನವರ ಪುಣ್ಯದಿಂದ ನನಗೆ ಇಷ್ಟು ಬಂತು, ಇದೊಂದು ದೊಡ್ಡ ದಾನವೇ.

ಇವರು ದಿನಾ ಸಂಜೆ ಇನ್ನೊಂದು ಗಂಟು ಪುಸ್ತಕ ತರುತ್ತಿದ್ದರು. ಬೆಳಿಗ್ಗೆ ಪೂಜೆ, ರೊಟ್ಟಿ ಮುಗಿಸಿ ಮಧ್ಯಾಹ್ನ ಕೂಡುತ್ತಿದ್ದೆ. ಹೆಸರು, ಬರೆದವರು, ಪುಟ, ಯಾವ ವಿಷಯ, ಎಲ್ಲವನ್ನೂ ಗೆರೆ ಹಾಕಿದ ಹಾಳೆಗೆ ಇಳಿಸುವುದು. ಚಿಕ್ಕ ಚೀಟಿಯಲ್ಲಿ ನಂಬರು ಬರೆದು ಬೆನ್ನಿಗೆ ಅಂಟಿಸುವುದು. ಜೋಳದ ಹಿಟ್ಟಿನ ಅಂಟು ಕುದಿಸಿದೆ. ಮೊದಲ ಅರವತ್ತು ಪುಸ್ತಕದ ಚೀಟಿಗಳನ್ನು ಜಿರಲೆಗಳು ಎರಡೇ ದಿನದಲ್ಲಿ ತಿಂದು ಹಾಕಿದವು. ಹಿಟ್ಟಿನ ರುಚಿಗೆ ಅವು ಬಂದೇ ಬರುತ್ತವೆ, ಅಡುಗೆಮನೆಯವಳಾಗಿ ನನಗೆ ತಿಳಿಯಬೇಕಿತ್ತು. ಎರಡನೆಯ ಸಲ ಅಂಟಿಗೆ ಚಿಟಿಕೆ ಮೈಲುತುತ್ತ ಕೂಡಿಸಿದೆ, ಪುಸ್ತಕದ ನಡುವೆ ಒಣಗಿದ ಬೇವಿನೆಲೆ ಇಟ್ಟೆ. ಆಮೇಲೆ ಒಂದು ಚೀಟಿಯೂ ಹೋಗಲಿಲ್ಲ.

ಪುಟ ಎಣಿಸುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಆಗ ಕೆಲವು ಪುಸ್ತಕಗಳ ಹಾಳೆಗಳು ಮಡಚಿದಂತೆಯೇ ಬರುತ್ತಿದ್ದವು, ಓದುವವರೇ ಚೂರಿಯಿಂದ ಅಂಚು ಸೀಳಿಕೊಳ್ಳಬೇಕು. ನನ್ನ ಮುಂದಿದ್ದ ಪುಸ್ತಕಗಳಲ್ಲಿ ಒಂದರ ಅಂಚನ್ನೂ ಯಾರೂ ಸೀಳಿರಲಿಲ್ಲ. ರಟ್ಟಿನ ಮೇಲೆ ಮಾತ್ರ ಕುಂಕುಮದ ಬೊಟ್ಟು.

"ಇವನ್ನ ಯಾರರೆ ಓದ್ಯಾರೇನ್ರಿ?" ಅಂತ ಅವರನ್ನು ಕೇಳಿದೆ.

"ಓದ್ಲಿಕ್ಕ ಯಾರಿಗಿ ಕೊಟ್ಟೇವಿ?"

"ಏಳು ತಿಂಗಳಾದ್ರೂ ಕೊಟ್ಟಿಲ್ಲ?"

"ಸೋಮವಾರಕ್ಕೊಮ್ಮೆ ಹೆಡ್‌ಮಾಸ್ತರ್ ಅಲ್ಮಾರಿಗಿ ಊದಿನಕಡ್ಡಿ ಬೆಳಗ್ತಾರ. ಹುಡುಗೂರು ಸಾಲಾಗಿ ನಿಂತು ಕೈ ಮುಗೀತಾರ. ಅಷ್ಟೇ."

"ಹುಡುಗೂರು ಕೇಳಂಗಿಲ್ಲೇನು?"

"ಕೇಳ್ತಾರ. ಕೈ ಹೊಲಸು ಇರ್ತಾವ, ದೊಡ್ಡವರಾದ ಮ್ಯಾಲ ಓದೀರಿ ಅಂತ ಅಂತಾರ."

ಒಂಬತ್ತು, ಹತ್ತನೆಯ ಕ್ಲಾಸಿನ ಹುಡುಗರಿಗೆ ಮೀಸೆ ಮೂಡಿತ್ತು. ಅವರು ಇನ್ನು ಯಾವಾಗ ದೊಡ್ಡವರಾಗಬೇಕಿತ್ತೋ. ನನಗೆ ಮೈ ಉರಿದುಹೋಯಿತು. ನಾನು ಲಿಂಗ ಕಟ್ಟಿಕೊಂಡವಳು. ನಮ್ಮ ದೇವರು ಅಂಗೈ ಮೇಲೆ ಕೂಡುವ ದೇವರು, ದಿನಾ ಮುಟ್ಟಿ ತೊಳೆದು ನೋಡಬೇಕಾದ ದೇವರು. ಬೀಗ ಹಾಕಿ ದೂರದಿಂದ ಕೈ ಮುಗಿಯುವುದಕ್ಕೆ ಭಕ್ತಿ ಅಂತ ಯಾರು ಹೇಳಿದರು? ಆ ಪೂಜೆಗೆ ಆರತಿ ಬೆಳಗಿದವಳು ನಾನು ಅನ್ನುವುದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ಖರೇ ಕಾರಣ ತಿಳಿದದ್ದು ಮೂರನೆಯ ವಾರ. ಯಾದಿ ಮುಗಿದಿತ್ತು. ಒಟ್ಟು ಮುನ್ನೂರ ಹನ್ನೆರಡು. ತಾಳೆ ನೋಡೋಣ ಅಂತ, "ನೀವು ಪುಸ್ತಕದ ಹೆಸರು ಓದ್ರಿ, ನಾ ಯಾದ್ಯಾಗ ಗುರುತು ಹಾಕ್ತೇನಿ," ಅಂದೆ.

ಅವರು ಪುಸ್ತಕ ಎತ್ತಿಕೊಂಡರು. ನಂಬರು ಹೇಳಿದರು. ಹೆಸರು ಬರಲಿಲ್ಲ. ಕಣ್ಣು ಉರಿಯುತ್ತವೆ ಅಂದರು. ಕಿಟಕಿಯ ಹತ್ತಿರ ಹೋಗಿ ನೋಡಿದರು. ಆಮೇಲೆ ಪುಸ್ತಕವನ್ನು ಮೆಲ್ಲಗೆ ಕೆಳಗಿಟ್ಟರು.

"ನನಗ ಕನ್ನಡ ಓದ್ಲಿಕ್ಕ ಬರಂಗಿಲ್ಲ," ಅಂದರು.

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಉರ್ದು ಅಖಬಾರನ್ನು ನೀರು ಕುಡಿದಂತೆ ಓದುವವರು, ಮಾತು ಕನ್ನಡ, ಮನೆ ಕನ್ನಡ. ಅವರಿಗೆ ಅಕ್ಷರ ಬರುವುದಿಲ್ಲ ಅಂತ ನನಗೆ ಹೊಳೆದೇ ಇರಲಿಲ್ಲ.

"ನಮ್ಮೂರು ಹಲಬರ್ಗಾದಾಗ ಕನ್ನಡ ಸಾಲಿ ಎಲ್ಲಿತ್ತು? ಅಲಿಫ್‌ಲಿಂದ ಶುರು ಮಾಡ್ದಾಂವ ನಾ. ಒಬ್ಬ ನಾನೇ ಅಲ್ಲ, ಹೆಡ್‌ಮಾಸ್ತರಿಗೂ ಅಷ್ಟೇ. ಬಾಯಿಲಿಂದ ಪಾಠ ಹೇಳ್ತೇವಿ, ಬೋರ್ಡಿನ ಮ್ಯಾಲ ಅಂಕಿ ಬರೀತೇವಿ, ದಿನ ಹೋಗ್ತಾವ. ನಾಳೆ ಒಬ್ಬ ಹುಡುಗ ಪುಸ್ತಕ ತಗೊಂಡು ಬಂದು, ಇದೇನ್ ಬರದಾರ ಹೇಳ್ರಿ ಮಾಸ್ತರ್ ಅಂದ್ರ, ಮಾರಿ ಎಲ್ಲಿ ಇಟ್ಕೋಳೋಣ?"

ಹೀಗಿತ್ತು ಊದಿನಕಡ್ಡಿಯ ಒಳಗಿನ ಮಾತು. ಮಾಸ್ತರರ ನಾಚಿಕೆ ಉಳಿಯಲಿ ಅಂತ ಮಕ್ಕಳ ಪುಸ್ತಕಕ್ಕೆ ಬೀಗ. ಕಲಿಯದೇ ಇದ್ದದ್ದು ಅವರ ತಪ್ಪಲ್ಲ, ಕಾಲ ಹಾಗಿತ್ತು. ಕಲಿಯದ್ದನ್ನು ಮುಚ್ಚಲಿಕ್ಕೆ ದೇವರನ್ನು ತಂದು ನಿಲ್ಲಿಸಿದ್ದು ಮಾತ್ರ ತಪ್ಪು. ನಮ್ಮ ಮನೆಯವರೇ ಒಮ್ಮೆ ಹೇಳಿದ್ದರು, ಇವರು ಓದುವಾಗ ಶಾಲೆಯಲ್ಲಿದ್ದ ಮೌಲ್ವಿ ಸಾಹೇಬರು ಗುರುವಾರಕ್ಕೊಮ್ಮೆ ಉರ್ದು ಅಲ್ಮಾರಿ ತೆಗೆದು, ಹುಡುಗರನ್ನೇ ಒಳಗೆ ಕೈ ಹಾಕಲು ಬಿಡುತ್ತಿದ್ದರಂತೆ. ಇವರಿಗೆ ಓದಿನ ಚಟ ಹತ್ತಿದ್ದೇ ಅಲ್ಲಿ. ಗಲಾಟೆಯ ದಿನಗಳಲ್ಲಿ ಆ ಸಾಹೇಬರು ಊರು ಬಿಟ್ಟು ಹೋದರು. ಅವರಿದ್ದರೆ ಕನ್ನಡ ಅಲ್ಮಾರಿಯನ್ನೂ ತೆಗೆಯುತ್ತಿದ್ದರು ಅಂತ ನನ್ನ ನಂಬಿಕೆ.

ಯಾದಿ ಮುಗಿದ ಮೇಲೆ ರಜಿಸ್ಟರಿನ ಸರದಿ ಬಂತು. ಹೆಡ್‌ಮಾಸ್ತರರ ಹುಕುಂ ಹೀಗಿತ್ತು: ಹಾಜರಿ ಪುಸ್ತಕ ನೋಡಿ ವಿದ್ಯಾರ್ಥಿಗಳ ಹೆಸರು ಹಾಕಿರಿ, ಮುಂದೆ ಯಾವುದಾದರೂ ಪುಸ್ತಕದ ನಂಬರು ಬರೆಯಿರಿ, ಏಳು ತಿಂಗಳ ತಾರೀಖು ತುಂಬಿರಿ. ಅವರಿಗೆ ಸಿಕ್ಕ ಕನ್ನಡ ಬರೆಯುವ ಕೈ ನನ್ನದೊಂದೇ.

"ಪುಸ್ತಕ ಊರಾಗ ಉಳೀಬೇಕಂದ್ರ ಇದೊಂದು ಬರೀಬೇಕು ನೋಡು," ಅಂದರು ನಮ್ಮ ಮನೆಯವರು.

ಬರೆದೆ. ಒಂದು ಮಧ್ಯಾಹ್ನಕ್ಕೆ ಮೂವತ್ತೊಂದು ಸಾಲು. ಪುಸ್ತಕ ಉಳಿಯುತ್ತದಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಮರುದಿನ ಓಣಿಯ ಗಾಣಿಗರ ಮಗಳು ಮಜ್ಜಿಗೆಗೆ ಬಂದಳು. ಒಂಬತ್ತನೆಯ ಜಮಾತಿನವಳು. ಆಗಿನ್ನೂ ಕ್ಲಾಸಿಗೆ ಜಮಾತು ಅಂತಲೇ ಅನ್ನುತ್ತಿದ್ದೆವು. ಇಡೀ ಹೈಸ್ಕೂಲಿನಲ್ಲಿದ್ದ ಮೂವರು ಹುಡುಗಿಯರಲ್ಲಿ ಒಬ್ಬಳು. ಚರಿಗೆ ತುಂಬಿ ತರುವಷ್ಟರಲ್ಲಿ ಅವಳು ತೆರೆದಿಟ್ಟ ರಜಿಸ್ಟರಿನ ಮೇಲೆ ಬಗ್ಗಿದ್ದಳು.

"ಕಾಕಿ, ಇದರಾಗ ನನ್ನ ಹೆಸರು ಅದ."

ನಾನು ಚರಿಗೆ ಕೆಳಗಿಟ್ಟೆ.

"ನಂಬರ್ ಎಪ್ಪತ್ನಾಲ್ಕು. ದೀಪಾವಳಿ ಮುಂದ ಒಯ್ದು, ಹದಿನೈದು ದಿನಕ್ಕ ತಂದೇನಿ ಅಂತ ಬರದದ. ನಾ ಯಾವಾಗ ಒಯ್ದಿದ್ದೆ ಕಾಕಿ?"

"ನೀ ಒಯ್ದಿಲ್ಲವ್ವ."

ಅವಳು ಸ್ವಲ್ಪ ಯೋಚಿಸಿದಳು. ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. "ಹಂಗಾದ್ರ ಆ ಪುಸ್ತಕ ಈಗ ಕೊಡ್ರಿ. ಸಾಹೇಬ್ರು ಕೇಳಿದ್ರ ಏನರೆ ಹೇಳ್ಬೇಕಲ್ಲ. ಹದಿನೈದು ದಿನ ಬ್ಯಾಡ, ನಾಕು ದಿನದಾಗ ಓದಿ ತರ್ತೇನಿ."

ಅವಳು ಕೇಳಿದ್ದು ಅಷ್ಟೇ. ಹದಿನಾಲ್ಕು ವರ್ಷದ ಹುಡುಗಿ ನನ್ನ ಸುಳ್ಳನ್ನು ಖರೇ ಮಾಡಲಿಕ್ಕೆ ನಾಲ್ಕು ದಿನ ಬೇಡಿದಳು. ಎಪ್ಪತ್ತನಾಲ್ಕನೆಯ ಪುಸ್ತಕ ತೆಗೆದು ಅವಳ ಕೈಗಿಟ್ಟೆ. ಅವಳು ಹೋದ ಮೇಲೆ ಆ ಎರಡು ಹಾಳೆ ಹರಿದು ಒಲೆಗೆ ಹಾಕಿದೆ.

ಸಂಜೆ ನಮ್ಮ ಮನೆಯವರಿಗೆ ಹೇಳಿದಾಗ ಅವರು ಹೌಹಾರಿದರು. "ಹೆಡ್‌ಮಾಸ್ತರಿಗಿ ಏನ್ ಹೇಳ್ಲಿ?"

"ಖರೇ ರಜಿಸ್ಟರ್ ಬರೀತೇನಿ ಅಂತ ಹೇಳ್ರಿ. ಪುಸ್ತಕ ಎಲ್ಲಾ ನಮ್ಮ ಮನ್ಯಾಗೇ ಅವ. ಇನ್ನೂ ಹದಿನಾರು ದಿನ ಅದ. ನಾಳಿಂದ ಹುಡುಗೂರಿಗಿ ಇಲ್ಲಿ ಕಳಸ್ರಿ. ಒಯ್ದವರ ಹೆಸರು, ಒಯ್ದ ದಿನ, ಅಷ್ಟೇ ಬರೀತೇನಿ."

"ನನ್ನ ನೌಕರಿ ಹೋದ್ರ?"

"ಹಲಬರ್ಗಾದಾಗ ನಾಕು ಎಕರೆ ಹೊಲ ಅದ. ಹಸಿವಿಲಿಂದ ಸಾಯಂಗಿಲ್ಲ. ಈ ಕೈಲೆ ಸುಳ್ಳ ಬರದು, ಈ ಕೈಯಾಗೇ ಲಿಂಗ ಇಟ್ಕೊಂಡು ನಾ ಕೂಡಂಗಿಲ್ರಿ."

ಅವರು ಉಣ್ಣದೆ ಎದ್ದುಹೋದರು. ಆದರೆ ಮರುದಿನ ಶಾಲೆ ಬಿಟ್ಟ ಮೇಲೆ ಹನ್ನೆರಡು ಹುಡುಗರು ನಮ್ಮ ಕಟ್ಟೆಯ ಮೇಲಿದ್ದರು. ಕಳಿಸಿದವರು ಅವರೇ. ಇದನ್ನು ನಾನು ಅವರ ಲೆಕ್ಕದಲ್ಲಿ ಒಂದು ಪುಣ್ಯ ಅಂತ ಹಿಡಿದಿದ್ದೇನೆ.

ನನ್ನಿಂದ ಇನ್ನೊಂದು ತಪ್ಪಾಯಿತು. ಪ್ರಾಯಶ್ಚಿತ್ತದ ಹುಚ್ಚಿನಲ್ಲಿ, ಸುಟ್ಟ ಹಾಳೆಯಲ್ಲಿ ಯಾರ ಹೆಸರಿನ ಮುಂದೆ ಯಾವ ನಂಬರು ಬರೆದಿದ್ದೆನೋ ನೆನಪು ಮಾಡಿಕೊಂಡು ಅದೇ ಪುಸ್ತಕವನ್ನು ಅವರವರಿಗೆ ಕೊಟ್ಟೆ. ಒಬ್ಬನಿಗೆ ಆಸ್ತಿ ಪಾಲಿನ ಕಾನೂನು ಬಂತು. ಇನ್ನೊಬ್ಬನಿಗೆ ಬಾಣಂತಿಯ ಆರೈಕೆ. ಎರಡನೆಯ ದಿನವೇ ಆ ಹುಡುಗ ಪುಸ್ತಕವನ್ನು ಅಂಗಿಯೊಳಗೆ ಮುಚ್ಚಿಕೊಂಡು ವಾಪಸ್ ತಂದ.

"ನಮ್ಮ ಅವ್ವ ನೋಡಿ ಬಡದಾಳ್ರಿ," ಅಂದ. ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ಪುಸ್ತಕಗಳನ್ನು ಚಾಪೆಯ ಮೇಲೆ ಹರವಿ, ನೀವೇ ಆರಿಸಿಕೊಳ್ಳಿರಿ ಅಂತ ಬಿಟ್ಟೆ.

ಬಿಟ್ಟ ಮೇಲೆ ಅವರ ಓದಿನ ರೀತಿ ನೀತಿ ತಿಳಿಯಿತು. ಆರನೆಯ ಕ್ಲಾಸಿನವರೆಗೆ ಉರ್ದು ಓದಿ ಬಂದವರು ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಏನಿತ್ತು ಅನ್ನುವುದು ಮರೆತಿರುತ್ತಿತ್ತು. ದಪ್ಪ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ ಇಟ್ಟುಬಿಡುತ್ತಿದ್ದರು. ಅಕ್ಷರ ದೊಡ್ಡದಿರಬೇಕು, ಚಿತ್ರ ಎರಡಾದರೂ ಇರಬೇಕು. ಎಲ್ಲಕ್ಕಿಂತ ಹೆಚ್ಚು ಓಡಾಡಿದ್ದು ಕುಸ್ತಿಯ ಪಟ್ಟುಗಳ ಪುಸ್ತಕ, ಅದರ ಹಿಂದೆ ರೈಲಿನ ಎಂಜಿನ್ನು ಹೇಗೆ ನಡೆಯುತ್ತದೆ ಅನ್ನುವುದು. ನೀತಿಯ ಪುಸ್ತಕಗಳು ನಾನು ಇಟ್ಟಲ್ಲೇ ಇದ್ದವು. ಮನಸ್ಸಿನಲ್ಲಿ ಓದಲು ಯಾರಿಗೂ ಬರುತ್ತಿರಲಿಲ್ಲ. ಚಂದ ಓದುವವನೊಬ್ಬ ಗಟ್ಟಿಯಾಗಿ ಓದುವುದು, ಐದಾರು ಜನ ಸುತ್ತ ಕೂತು ಕೇಳುವುದು. ಹಾಗಾಗಿ ರಜಿಸ್ಟರಿನಲ್ಲಿ ಒಂದು ಹೆಸರು ಬರೆದರೆ ಆರು ಜನ ಓದಿದಂತೆ. ಆ ಆರನ್ನೂ ಬರೆಯಬೇಕೋ ಒಂದನ್ನೋ ಅಂತ ನಾನೇ ತಲೆ ಕೆಡಿಸಿಕೊಂಡು, ಕೊನೆಗೆ 'ಜೊತೆಗೆ ಕೇಳಿದವರು' ಅಂತ ಇನ್ನೊಂದು ಅಂಕಣಕ್ಕೆ ಗೆರೆ ಎಳೆದೆ.

ಕಮಲನಗರದ ಹುಡುಗನೊಬ್ಬ ಶನಿವಾರ ಊರಿಗೆ ಹೋಗುವಾಗ ಒಂದು ಪುಸ್ತಕ ಒಯ್ದ. ಸೋಮವಾರ ಬರಿಗೈಯಲ್ಲಿ ಬಂದ. ಮನೆಯಲ್ಲಿ ಮರಾಠಿ ಮಾತು, ಆದರೂ ಸರ್ಕಾರದ ಪುಸ್ತಕ ಮನೆಗೆ ಬಂತು ಅಂತ ಅವನ ಅಜ್ಜ ಅದನ್ನು ಕೆಂಪು ಅರಿವೆಯಲ್ಲಿ ಸುತ್ತಿ ದೇವರ ಜಗುಲಿಯ ಮೇಲಿಟ್ಟು, ಎಳ್ಳಷ್ಟೂ ಕದಲಿಸಬಾರದು ಅಂದನಂತೆ. ಲೆಕ್ಕದ ಮಾಸ್ತರರು ರೈಲು ಹತ್ತಿ ಕಮಲನಗರಕ್ಕೆ ಹೋಗಿ, ಅಜ್ಜನಿಗೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ತಿಳಿಸಿ ಹೇಳಿ, ಪುಸ್ತಕಕ್ಕೆ ಹಚ್ಚಿದ ಗಂಧ ಒರೆಸಿಕೊಂಡು ತಂದರು. ಬಂದವರು ನನ್ನ ಮೇಲೆ ರೇಗಲಿಲ್ಲ. ಕೈಕಾಲು ತೊಳೆದು, ಹುಡುಗರ ಹಿಂದೆ ಗೋಡೆಗೆ ಆತು ಕೂತರು. ಒಬ್ಬ ಓದುತ್ತಿದ್ದ. ಇವರ ತುಟಿಯೂ ಅವನ ಹಿಂದೆ ಹಿಂದೆ ಆಡುತ್ತಿತ್ತು. ನಾನು ನೋಡಿಯೂ ನೋಡದವಳ ಹಾಗೆ ರೊಟ್ಟಿ ಬಡಿಯಲು ಒಳಗೆ ಹೋದೆ. ಮರುದಿನದಿಂದ ತಪ್ಪದೆ ಅಲ್ಲೇ ಕೂತರು.

ಹನ್ನೊಂದನೆಯ ದಿನ ಹೆಡ್‌ಮಾಸ್ತರರು ಮನೆಗೆ ಬಂದರು. ಹುಡುಗರು ಚದುರಿ ಅಂಗಳಕ್ಕೆ ಹೋದರು. ಅವರು ಕೂಡಲಿಲ್ಲ. ಚಾಪೆಯ ಮೇಲಿನ ಒಂದು ಪುಸ್ತಕ ಎತ್ತಿಕೊಂಡು ತೆರೆದರು. ಹಾಳೆಯ ಮೂಲೆಯಲ್ಲಿ ಶೇಂಗಾ ಹಿಂಡಿಯ ಎಣ್ಣೆಯ ಬೆರಳು ಸ್ಪಷ್ಟವಾಗಿ ಮೂಡಿತ್ತು.

"ಇದೇನ್ ತಂಗಿ, ದೇವರಂಥಾ ಪುಸ್ತಕ. ಇದಕ್ಕ ಎಂಜಲ ಕೈ ಹಚ್ಚಸೀರಿ," ಅಂದರು.

"ಉಂಡು ಬಂದ ಮಕ್ಕಳ ಕೈರಿ. ಎಣ್ಣಿ ಹತ್ತತದ," ಅಂದೆ.

"ಸಾಹೇಬ್ರು ನೋಡಿದ್ರ ನನ್ನ ಮಾರಿ ಮ್ಯಾಲ ಒಗೀತಾರ. ನೀವು ಹೆಣ್ಣುಮಕ್ಕಳು, ಭಕ್ತಿವಂತರು, ನಿಮಗ ಇಷ್ಟು ತಿಳೀಬಾರದೇನು?"

"ಏಳು ತಿಂಗಳು ಸರಸ್ವತಿಗಿ ಕೂಡಿ ಹಾಕಿದವರು ನೀವು, ಭಕ್ತಿ ನನಗ ಹೇಳ್ಬ್ಯಾಡ್ರಿ."

ಅವರ ಮುಖ ಕೆಂಪಾಯಿತು. ನನ್ನನ್ನು ಬಿಟ್ಟು ನಮ್ಮ ಮನೆಯವರ ಕಡೆ ತಿರುಗಿದರು. "ಮಾಸ್ತರ್, ನಾಳಿ ಮುಂಜಾನಿ ಅಷ್ಟೂ ಪುಸ್ತಕ ಅಲ್ಮಾರ್ಯಾಗ ಇರ್ಬೇಕು. ಇಲ್ಲಂದ್ರ ಔರಾದ ತಾಲೂಕಿನ ಮೂಲಿಗಿ ಹಾಕಸ್ತೇನಿ ನಿಮಗ. ಜವಾಬ್ದಾರಿ ನಿಮಗ ಕೊಟ್ಟಿದ್ದೆ, ನಿಮ್ಮ ಮನಿಯವರಿಗಿ ಅಲ್ಲ."

ಇವರು ಗೋಡೆ ಬಿಟ್ಟು ಎದ್ದು ನಿಂತರು. ಧ್ವನಿ ಸಣ್ಣಗಿತ್ತು. "ಸಾಹೇಬ್ರ, ನನಗ ಕನ್ನಡ ಓದ್ಲಿಕ್ಕ ಬರಂಗಿಲ್ಲ. ಈಗ ನಾಕಾರು ದಿನದಿಂದ ಹುಡುಗೂರ ಜೋಡಿ ಕೂತು ಕಲೀಲಿಕ್ಕತ್ತೇನಿ. ನೀವೂ ಬರ್ರಿ, ಕೂಡ್ರಿ. ಇಲ್ಲಿ ಯಾರೂ ನಗಂಗಿಲ್ಲ."

ಅಂಗಳದಲ್ಲಿ ಹುಡುಗರು ನಿಂತಿದ್ದರು, ಅವರಿಗೂ ಕೇಳಿಸಿತು. ಒಬ್ಬ ಮಾಸ್ತರನು ಹಾಗೆ ಹೇಳಬಹುದು ಅನ್ನುವುದು ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹೆಡ್‌ಮಾಸ್ತರರು ಪುಸ್ತಕವನ್ನು ಚಾಪೆಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡರು. ಒಂದು ಗಳಿಗೆ ನಿಂತರು. ಕೂಡುತ್ತಾರೆ ಅಂತಲೇ ನಾನು ಅಂದುಕೊಂಡೆ. "ನಾಳಿ ಮುಂಜಾನಿ," ಅಂದು ಹೋದರು.

ಪುಸ್ತಕಗಳು ಹೋದವು. ಅವು ಶಾಲೆಯವು, ಇಟ್ಟುಕೊಳ್ಳಲು ನಮಗೆ ಹಕ್ಕಿರಲಿಲ್ಲ. ಅಷ್ಟರಲ್ಲಿ ನಲವತ್ತಮೂರು ಪುಸ್ತಕ ಮಕ್ಕಳ ಕೈಗೆ ಹೋಗಿ ಬಂದಿದ್ದವು. ನನ್ನ ರಜಿಸ್ಟರನ್ನೂ ಇವರು ಜೊತೆಗೆ ಒಯ್ದು ಅಲ್ಮಾರಿಯಲ್ಲಿಟ್ಟರು. ಹೆಡ್‌ಮಾಸ್ತರರು ತಹಸೀಲ ಕಚೇರಿಯ, ಕನ್ನಡ ಬಲ್ಲ ಒಬ್ಬ ಗುಮಾಸ್ತನನ್ನು ಕೂಡಿಸಿಕೊಂಡು ಏಳು ತಿಂಗಳ ಸುಳ್ಳಿನ ರಜಿಸ್ಟರು ಬರೆಸಿದರು. ನಾನು ಬಿಟ್ಟ ಕೆಲಸಕ್ಕೆ ಇನ್ನೊಂದು ಕೈ ಸಿಗುವುದಕ್ಕೆ ಒಂದು ದಿನವೂ ಹಿಡಿಯಲಿಲ್ಲ.

ತಪಾಸಣೆಯ ದಿನ ನಾನೂ ಶಾಲೆಗೆ ಹೋದೆ. ಹೆಣ್ಣುಮಕ್ಕಳು ಅಲ್ಲಿಗೆ ಹೋಗುವ ರೂಢಿ ಇರಲಿಲ್ಲ. ಸೆರಗು ಹೊದ್ದು ಪಡಸಾಲೆಯ ಕಂಬದ ಹತ್ತಿರ ನಿಂತೆ. ಗಾಣಿಗರ ಮಗಳು ಬಂದು ಪಕ್ಕದಲ್ಲಿ ನಿಂತಳು.

ಬೀದರಿನ ಸಾಹೇಬರು ಚುರುಕಿನ ಮನುಷ್ಯ. ಗುಮಾಸ್ತ ಬರೆದ ರಜಿಸ್ಟರು ತೆರೆದು ಒಂದು ಹೆಸರು ಕೂಗಿಸಿದರು. ಹತ್ತನೆಯ ಕ್ಲಾಸಿನ ಹುಡುಗ ಬಂದು ನಿಂತ. ಅವನ ಹೆಸರಿನ ಮುಂದಿದ್ದ ಪುಸ್ತಕವನ್ನು ಅಲ್ಮಾರಿಯಿಂದ ತೆಗೆಸಿ ಕೈಯಲ್ಲಿ ಹಿಡಿದರು.

"ಇದು ಓದಿದ್ದಿಯೇನೋ?"

ಹುಡುಗ ಹೆಡ್‌ಮಾಸ್ತರರ ಕಡೆ ನೋಡಿ, "ಹೌದ್ರಿ," ಅಂದ.

"ಇದರಾಗ ಏನದ?"

ಹುಡುಗ ನೆಲ ನೋಡಿದ. ಪಾಪ, ಅವನ ತಪ್ಪೇನು? ಇನ್ನಿಬ್ಬರನ್ನು ಕೇಳಿದರು. ಅದೇ ಹಾಡು. ಸಾಹೇಬರು ನಕ್ಕು ರಜಿಸ್ಟರು ಮುಚ್ಚಿದರು. "ಪುಸ್ತಕ ಛಲೋ ಇಟ್ಟೀರಿ, ಹೆಡ್‌ಮಾಸ್ತರ್. ಹೊಸಾವು ಇದ್ದಂಗ ಅವ. ಓದಿಲ್ಲ, ಅಷ್ಟೇ. ಬೀದರಿಗಿ ಕಳಸ್ರಿ."

ನಮ್ಮ ಮನೆಯವರು ಮುಂದೆ ಹೋಗಿ ನನ್ನ ರಜಿಸ್ಟರನ್ನು ಮೇಜಿನ ಮೇಲಿಟ್ಟರು. "ಇದನ್ನೂ ನೋಡ್ರಿ ಸಾಹೇಬ್ರ." ಹೆಡ್‌ಮಾಸ್ತರರು ಅದರ ಮೇಲೆ ಹಾಜರಿ ಪುಸ್ತಕ ಇಟ್ಟರು. ಮೇಜಿನ ಮೇಲೆ ಜಾಗ ಮಾಡುವವರಷ್ಟೇ ಸಹಜವಾಗಿ ಇಟ್ಟರು.

ಆಗ ನಾನು ಕಂಬ ಬಿಟ್ಟು ಬಂದೆ. "ಸಾಹೇಬ್ರ, ಈ ಹುಡುಗಿಗಿ ಒಂದು ಕೇಳ್ರಿ. ಎಪ್ಪತ್ನಾಲ್ಕನೇ ಪುಸ್ತಕದಾಗ ಏನದ ಅಂತ ಕೇಳ್ರಿ."

"ಇವರ್ಯಾರು?"

"ಲೆಕ್ಕದ ಮಾಸ್ತರರ ಮನಿಯವರು," ಅಂದರು ಹೆಡ್‌ಮಾಸ್ತರರು.

"ಅಮ್ಮಾ, ನನಗ ಬೀದರ್ ಗಾಡಿ ಹಿಡೀಬೇಕು," ಅಂದರು ಸಾಹೇಬರು. ಮರ್ಯಾದೆಯಿಂದಲೇ ಅಂದರು. ಹುಡುಗಿ ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಅವಳಿಗೆ ಆ ಪುಸ್ತಕ ಮೊದಲಿನಿಂದ ಕೊನೆಯವರೆಗೆ ಬರುತ್ತಿತ್ತು. ಎರಡು ನಿಮಿಷ ಸಾಕಿತ್ತು. ಇಷ್ಟು ವರ್ಷವಾದರೂ ಆ ಎರಡು ನಿಮಿಷಕ್ಕಾಗಿ ನನ್ನ ಸಿಟ್ಟು ಇಳಿದಿಲ್ಲ. ಸುಳ್ಳು ರಜಿಸ್ಟರಿಗಿಂತ, ಹೆಡ್‌ಮಾಸ್ತರರ ಊದಿನಕಡ್ಡಿಗಿಂತ ಅದರ ಮೇಲೆಯೇ ಹೆಚ್ಚು.

ಏಳುವಾಗ ಸಾಹೇಬರು ಅಲ್ಮಾರಿಯ ಕೆಳಗಿನ ಅಂತಸ್ತು ನೋಡಿದರು. ಅಲ್ಲಿ ನಲವತ್ತಮೂರು ಪುಸ್ತಕ ಬೇರೆ ಇಟ್ಟಿದ್ದರು.

"ಇವೇನು?"

"ಖರಾಬ್ ಆದವು ಸಾಹೇಬ್ರ. ಎಣ್ಣಿ, ಅರಿಸಿನ ಹತ್ತೇದ. ಮೂಲಿ ಮಡಚ್ಯಾವ."

ಸಾಹೇಬರು ಒಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಬಿಟ್ಟರು. "ಇಂಥಾವು ಬೀದರಿಗಿ ಬ್ಯಾಡ. ಯಾದ್ಯಾಗಿಂದ ಖಾರಿಜ್ ಮಾಡ್ರಿ. ಸುಟ್ಟು, ಸುಟ್ಟೇವಿ ಅಂತ ಒಂದು ಸರ್ಟಿಫಿಕೇಟ್ ಕಳಸ್ರಿ."

ಮೂರನೆಯ ದಿನ ಎರಡು ಅಲ್ಮಾರಿಯ ಪುಸ್ತಕಗಳು, ಬೆನ್ನಿಗೆ ನನ್ನ ಚೀಟಿ ಅಂಟಿಸಿಕೊಂಡೇ, ಬೀದರ್ ಗಾಡಿ ಹತ್ತಿದವು. ಈ ಸಲ ಹಲಗೆ ಬಾರಿಸಲಿಲ್ಲ. ಅಲ್ಲಿ ಅವುಗಳನ್ನು ಯಾರಾದರೂ ತೆರೆದರೋ, ಮತ್ತೆ ಬೀಗ ಬಿತ್ತೋ, ನನಗೆ ತಿಳಿಯದು. ಓದುವವರ ಕೈಗೆ ಹೋಗಲಿ ಅಂತ ಬೇಡಿಕೊಂಡೆ. ಬೀದರಿನ ಮಕ್ಕಳೂ ಮಕ್ಕಳೇ.

ಖಾರಿಜ್ ಆದ, ಅಂದರೆ ಯಾದಿಯಿಂದ ತೆಗೆದುಹಾಕಿದ ನಲವತ್ತಮೂರನ್ನು ಸುಡುವ ಕೆಲಸ ಲೆಕ್ಕದ ಮಾಸ್ತರರಿಗೆ ಬಂತು. ಅದು ಹೆಡ್‌ಮಾಸ್ತರರು ಕೊಟ್ಟ ಶಿಕ್ಷೆ. ಇವರು ಅವನ್ನು ಅದೇ ಹಳೆಯ ಧೋತರದಲ್ಲಿ ಕಟ್ಟಿ, ತಲೆಯ ಮೇಲಿಟ್ಟುಕೊಂಡು, ಹಗಲು ಹೊತ್ತಿನಲ್ಲಿ ನಡು ಬಜಾರದಿಂದ ಮನೆಗೆ ತಂದರು. ಯಾರೂ ಕೇಳಲಿಲ್ಲ. ಊರಿನಲ್ಲಿ ಉಳಿದ ಕನ್ನಡ ಪುಸ್ತಕ ಅಂದರೆ ಮಕ್ಕಳು ಓದಿ ಹೊಲಸು ಮಾಡಿದವು ಮಾತ್ರ. ಕುಸ್ತಿಯದು ಉಳಿಯಿತು, ಎಂಜಿನ್ನಿನದು ಉಳಿಯಿತು, ಎಪ್ಪತ್ತನಾಲ್ಕು ಉಳಿಯಿತು. ಶರಣರು ಇಷ್ಟಾದರೂ ಉಳಿಸಿದರು ಅಂತ ಒಂದೊಂದನ್ನೇ ಮುಟ್ಟಿ ಎಣಿಸಿದೆ.

ಸರ್ಟಿಫಿಕೇಟು ಬಾಕಿ ಇತ್ತು. ನಾನು ಒಲೆಯ ಮುಂದಿದ್ದೆ. ಇವರು ಹಾಳೆ, ದೌತಿ ತಗೊಂಡು ಪಡಸಾಲೆಯಲ್ಲಿ ಕೂತರು. ಬರೆದು ಕೊಡು ಅಂತ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ, ಇಂದಿಗೂ ನನಗೆ ಗೊತ್ತಿಲ್ಲ. ಬಹಳ ಹೊತ್ತು ಹಿಡಿಯಿತು. ಒಂದೊಂದು ಅಕ್ಷರ ಬರೆದು, ತುಟಿಯಲ್ಲಿ ಓದಿಕೊಂಡು, ಮುಂದಿನದಕ್ಕೆ ಹೋಗುತ್ತಿದ್ದರು. ಆಮೇಲೆ ಒಳಗೆ ಬಂದು ಹಾಳೆಯನ್ನು ನನ್ನ ಮುಂದೆ ಹಿಡಿಯದೆ, ಮಣೆಯ ಮೇಲಿಟ್ಟರು. ಹಿಟ್ಟಿನ ಕೈ ಒರೆಸಿಕೊಂಡು ಓದಿದೆ. ಮೇಲ್ಕಂಡ ನಲವತ್ತಮೂರು ಪುಸ್ತಕಗಳನ್ನು ನಾನೇ ನಿಂತು ಸುಟ್ಟಿದ್ದೇನೆ ಅಂತ ಇತ್ತು. ಅವರು ಕನ್ನಡದಲ್ಲಿ ಬರೆದ ಮೊದಲ ವಾಕ್ಯ ಅದು.

ನಾನು ಹಾಳೆಯನ್ನು ಹಾಗೆಯೇ ವಾಪಸ್ ಕೊಟ್ಟೆ. ಅವರು ಕೆಳಗೆ ಸಹಿ ಹಾಕಿ, ಹುಡುಗರು ಬರುವ ಹೊತ್ತಾಯಿತು ಅಂತ ಚಾಪೆ ಹಾಸಲು ಹೊರಗೆ ಹೋದರು.